ಸರ್ಕ್ಯೂಟ್ ಬೋರ್ಡಿಗೆ 0603 ಅಳತೆಯ ಪುಟ್ಟ ರೆಸಿಸ್ಟರ್ ಬೆಸುಗೆ ಹಾಕುವಾಗ ಕೈ ನಡುಗುತ್ತದೆ. ಮೈಕ್ರೋಸ್ಕೋಪ್ ತಗೊಳ್ಳಲಾ, ಬಿಸಿಗಾಳಿ ಊದಿ ಬೆಸುಗೆ ಕರಗಿಸುವ ಹಾಟ್ ಏರ್ ತಗೊಳ್ಳಲಾ?

ಎರಡೂ ಬೇಡ. ಕೈ ನಡುಗುವುದು ನಿಮ್ಮ ತೊಂದರೆಯೇ ಅಲ್ಲ. "ಲೆಡ್ ಉಂಡೆಯಾಗಿ ಬಿಟ್‌ಗೇ ಅಂಟಿಕೊಳ್ಳುತ್ತದೆ, ಪ್ಯಾಡ್ ಹಿಡಿಯುವುದಿಲ್ಲ" ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ತೊಂದರೆ ಅಲ್ಲಿದೆ. (ಲೆಡ್ ಅಂದರೆ ಬೆಸುಗೆಗೆ ಕರಗಿಸುವ ಲೋಹದ ತಂತಿ, ಬಿಟ್ ಅಂದರೆ ಬೆಸುಗೆ ಐರನ್ನಿನ ತುದಿ, ಪ್ಯಾಡ್ ಅಂದರೆ ಬೋರ್ಡ್ ಮೇಲೆ ರೆಸಿಸ್ಟರ್ ತುದಿ ಕೂರುವ ತಾಮ್ರದ ಜಾಗ.) ನನಗೂ ಹೀಗೇ ಆಗಿತ್ತು.

ಆಗ ಪೀಣ್ಯದ ಒಂದು ಸಣ್ಣ ಯೂನಿಟ್‌ನಲ್ಲಿ ಕೆಲಸಕ್ಕಿದ್ದೆ. ರಾತ್ರಿ ಮನೆಯಲ್ಲಿ ಮಾಡೋಣ ಅಂತ ಸ್ವಂತಕ್ಕೆ ಒಂದು ಆರ್ಡರ್ ಹಿಡಿದೆ. ನೀರಿನ ಟ್ಯಾಂಕಿನ ಕಂಟ್ರೋಲರ್, 12 ಬೋರ್ಡ್. 0603 ಅಂದರೆ 1.6 ಮಿಲಿಮೀಟರ್ ಉದ್ದ, 0.8 ಅಗಲ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಒಂದು ಕೈಯಲ್ಲಿ ಟ್ವೀಜರ್, ಇನ್ನೊಂದರಲ್ಲಿ ಐರನ್. ಲೆಡ್ ಹಿಡಿಯಲು ಕೈ ಉಳಿದಿಲ್ಲ. ಹಾಗಾಗಿ ಮೊದಲೇ ಬಿಟ್ ತುದಿಯಲ್ಲಿ ಲೆಡ್ ಕರಗಿಸಿಕೊಂಡು, ಅದನ್ನು ಪ್ಯಾಡ್‌ಗೆ ತಂದು ಒತ್ತುತ್ತಿದ್ದೆ. ಇದೇ ತಪ್ಪು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲೆಡ್ ತಂತಿಯ ಹೊಟ್ಟೆಯೊಳಗೆ ಫ್ಲಕ್ಸ್ ಇರುತ್ತದೆ. ಲೋಹದ ಮೇಲೆ ಕಟ್ಟಿದ ಕಿಲುಬನ್ನು ತೆಗೆಯುವುದು ಅದೇ. ಕಿಲುಬು ಇದ್ದರೆ ಲೆಡ್ ಹರಡುವುದಿಲ್ಲ, ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉಂಡೆಯಾಗುತ್ತದೆ. ಬಿಟ್ ಮೇಲೆ ಕರಗಿಸಿದರೆ ಕ್ಷಣದಲ್ಲೇ ಆ ಫ್ಲಕ್ಸ್ ಸುಟ್ಟು ಹೊಗೆಯಾಗುತ್ತದೆ. ಪ್ಯಾಡ್ ಮುಟ್ಟುವ ಹೊತ್ತಿಗೆ ಬರೀ ಲೋಹ ಉಳಿದಿರುತ್ತದೆ. ಹಿಡಿಯುತ್ತಿಲ್ಲ ಅಂತ ನಾನು ಬಿಸಿ ಏರಿಸಿದೆ. 350 ಇದ್ದದ್ದು 400, ಆಮೇಲೆ 450 ಡಿಗ್ರಿ. ಬಿಸಿ ಜಾಸ್ತಿಯಾದಷ್ಟೂ ಫ್ಲಕ್ಸ್ ಇನ್ನೂ ಬೇಗ ಸುಡುತ್ತದೆ, ಅಲ್ವಾ? ನನಗೆ ಅದು ಹೊಳೆಯಲಿಲ್ಲ. ಒತ್ತಿ ಉಜ್ಜಿದೆ. ಪ್ಯಾಡ್‌ಗಳು ಚಕ್ಕೆಯ ಹಾಗೆ ಎದ್ದು ಬಂದವು. 12ರಲ್ಲಿ 9 ಬೋರ್ಡ್ ಹೋದವು. ಅಡ್ವಾನ್ಸ್ ವಾಪಸ್ ಕೊಟ್ಟೆ. ಆ ಗಿರಾಕಿ ಮತ್ತೆ ಬರಲಿಲ್ಲ.

ಹಾಳಾದ ಒಂದು ಬೋರ್ಡನ್ನು ಯೂನಿಟ್‌ಗೆ ಒಯ್ದೆ. ಕೆಟ್ಟ ಬೆಸುಗೆ ಸರಿಪಡಿಸುವ ರೀವರ್ಕ್ ಟೇಬಲ್‌ನಲ್ಲಿ ವರ್ಷಗಟ್ಟಲೆ ಕೂತ ಅಕ್ಕ ಒಬ್ಬರಿದ್ದರು. "ಮಾಡಿ ತೋರ್ಸಪ್ಪ" ಎಂದರು. ತೋರಿಸಿದೆ.

"ಹೊಗೆ ಎಲ್ಲಿ ಬಂತು ನೋಡ್ದಾ? ದಾರೀಲೇ ಬಂದು ಮುಗೀತು. ಬೋರ್ಡ್ ಮೇಲೆ ಬರ್ಬೇಕು ಕಣಪ್ಪ."

ಆಮೇಲೆ ಅವರೇ ಕೂತರು. ಒಂದು ಪ್ಯಾಡ್‌ಗೆ ಮಾತ್ರ ಮೊದಲು ಲೆಡ್ ಹಾಕಿದರು. ಎರಡೂ ಪ್ಯಾಡ್ ಮೇಲೆ ಸಿರಿಂಜ್‌ನಿಂದ ಫ್ಲಕ್ಸ್ ಚುಕ್ಕೆ ಇಟ್ಟರು. ಲೆಡ್ ಮತ್ತೆ ಕರಗಿಸುತ್ತಾ ಟ್ವೀಜರ್‌ನಲ್ಲಿ ರೆಸಿಸ್ಟರನ್ನು ಜಾರಿಸಿ ಐರನ್ ತೆಗೆದರು. ಕೂತಿತು. ಟ್ವೀಜರ್ ಕೆಳಗಿಟ್ಟು, ಆ ಕೈಗೆ ಲೆಡ್ ತಂತಿ ತಗೊಂಡು ಇನ್ನೊಂದು ತುದಿ ಮುಗಿಸಿದರು. ಅವರ ಕೈಯೂ ನಡುಗುತ್ತಿತ್ತು, ಕಣ್ಣಾರೆ ಕಂಡೆ. ಅಂಗೈ ಬದಿಯನ್ನು ಮೇಜಿಗೆ ಊರಿದ್ದರು, ಅಷ್ಟೇ.

ಹಾಟ್ ಏರ್ ದುಡ್ಡು ಹಾಗೇ ಇಟ್ಟುಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಸಿರಿಂಜ್ ಫ್ಲಕ್ಸ್, 0.5 ಮಿಲಿಮೀಟರ್ ದಪ್ಪದ 63/37 (63 ಪಾಲು ತವರ, 37 ಪಾಲು ಸೀಸ) ಲೆಡ್ ತನ್ನಿ. ಅದು 183 ಡಿಗ್ರಿಗೇ ಕರಗುತ್ತದೆ. ಸೂಜಿ ಬಿಟ್ ನೋಡಲು ಚೆಂದ, ಆದರೆ ಪ್ಯಾಡ್‌ಗೆ ಬಿಸಿ ದಾಟಿಸುವುದಿಲ್ಲ. ಸಣ್ಣ ಚಪ್ಪಟೆ ಬಿಟ್ಟೇ ತಗೊಳ್ಳಿ. ನಲ್ಲಿ ಪೈಪಿಗೆ ಹಾಕುವ ಆಸಿಡ್ ಫ್ಲಕ್ಸ್ ಕೊಟ್ಟರೆ ಮುಟ್ಟಲೇಬೇಡಿ, ತಾಮ್ರವನ್ನು ತಿಂದುಹಾಕುತ್ತದೆ. ಕಣ್ಣಿಗೆ ಸ್ಟ್ಯಾಂಡ್ ಇರುವ ಭೂತಗನ್ನಡಿ ಸಾಕು.

ಕಿಟಕಿ ತೆಗೆದಿಟ್ಟು, ಕೆಟ್ಟುಹೋದ ಸೆಟ್‌ಟಾಪ್ ಬಾಕ್ಸಿನ ಬೋರ್ಡ್ ಮೇಲೆ 50 ರೆಸಿಸ್ಟರ್ ಕಿತ್ತು ಮತ್ತೆ ಕೂರಿಸಿ. ನಿಮ್ಮ ಸ್ವಂತ ಬೋರ್ಡನ್ನು ಆಮೇಲೆ ಮುಟ್ಟಿ.