ಹತ್ತು ಜಾಗದ ಪಟ್ಟಿ ಕೇಳಿದವರಿಗೆ ಎರಡು ಕಲ್ಲು

ಓದುಗರ ಪತ್ರ:

‘ದಸರಾ ರಜೆಯಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಬೆಂಗಳೂರಿನ ತಂಗಿಯ ಮನೆಗೆ ಹೊರಟಿದ್ದೇವೆ. ಹಿಂದೊಮ್ಮೆ ಬಾಡಿಗೆ ಕಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ಸುತ್ತಿದ್ದೆವು. ಒಂದು ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ಕಲ್ಲುಗಳು, ಪಕ್ಕದಲ್ಲಿ “ವೀರಗಲ್ಲು, ಹತ್ತನೆಯ ಶತಮಾನ” ಎಂಬ ಚೀಟಿ. ಅಷ್ಟೆ. ಮಕ್ಕಳಿಗೆ ನೆನಪಿರುವುದು ಐಸ್ ಕ್ರೀಂ ಮಾತ್ರ. ಹಂಪಿ, ಬೇಲೂರು ಇರುವ ನಾಡಿನಲ್ಲಿ ಬೆಂಗಳೂರಿಗೆ ಹೋಗಿ ಹಳೆಯದನ್ನು ನೋಡುವುದೇನಿದೆ? ಇದ್ದರೆ ಹತ್ತು ಜಾಗಗಳ ಪಟ್ಟಿ ಕೊಡಿ.’

– ಹೊಸನಗರ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ಹತ್ತು ಜಾಗಗಳ ಪಟ್ಟಿ ಕೊಡುವುದು ನನಗೆ ಕಷ್ಟವಲ್ಲ, ಆದರೆ ಕೊಡುವುದಿಲ್ಲ. ಕೊಟ್ಟರೆ ನೀವು ಹತ್ತನ್ನೂ ಸುತ್ತುತ್ತೀರಿ, ಮುಂದಿನ ರಜೆಗೆ ಇದೇ ಪತ್ರ ಮತ್ತೆ ಬರುತ್ತದೆ.

ಮೊದಲು ಹಂಪಿಯ ಮಾತು. 1565ರ ಯುದ್ಧದ ನಂತರ ಹಂಪಿ ಬರಿದಾಯಿತು. ಅದಕ್ಕೇ ಅದು ಇವತ್ತಿಗೂ ಇಡಿಯಾಗಿ ಕಾಣುತ್ತದೆ. ಬೆಂಗಳೂರು ಎಂದೂ ಬರಿದಾಗಲಿಲ್ಲ. ಇಲ್ಲಿ ಕೋಟೆ ಒಡೆದ ಜಾಗದಲ್ಲಿ ರಸ್ತೆ, ಆಸ್ಪತ್ರೆ, ಬಸ್ ನಿಲ್ದಾಣಗಳು ಎದ್ದವು. ಹಳೆಯದು ಇದೆ, ಆದರೆ ತುಂಡುತುಂಡಾಗಿ, ಹೂವಿನ ಅಂಗಡಿಯ ಹಿಂದೆ, ಬಡಾವಣೆಯ ನಡುವಿನ ಗುಡಿಯ ಅಂಗಳದಲ್ಲಿ ಇದೆ. ಒಂದು ತುಂಡನ್ನು ಇನ್ನೊಂದಕ್ಕೆ ಹೊಂದಿಸಿಕೊಂಡು ನೋಡುವ ತಾಳ್ಮೆ ಇಲ್ಲದವರಿಗೆ ಬೆಂಗಳೂರು ಕಾಣುವುದೇ ಇಲ್ಲ. ನೀವು ಕಾರಿನಲ್ಲಿ ಸುತ್ತಿದ ದಿನ ಆದದ್ದು ಅದೇ.

ಚೀಟಿಯ ದೂರು ನ್ಯಾಯವಾದದ್ದು. ಅದು ಯಾವ ಸಂಗ್ರಹಾಲಯ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ನಮ್ಮಲ್ಲಿ ಬಹಳ ಕಡೆ ಕಾಣುವ ಚೀಟಿ ಅದು. ಕಲ್ಲಿನ ಮೇಲೆ ಕಥೆ ಕೊರೆದಿರುತ್ತದೆ, ಚೀಟಿಯ ಮೇಲೆ ಶತಮಾನ ಮಾತ್ರ. ಹಾಗಾಗಿ ಕಥೆಯನ್ನು ಮನೆಯಿಂದಲೇ ಹೊತ್ತುಕೊಂಡು ಹೋಗಬೇಕು. ಎರಡು ಕಲ್ಲುಗಳ ಕಥೆ ಇಲ್ಲೇ ಕೊಡುತ್ತೇನೆ. ಎರಡೂ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. 1865ರಲ್ಲಿ ಆರಂಭವಾದ ಈ ಸಂಸ್ಥೆ ದೇಶದ ಹಳೆಯ ಸಂಗ್ರಹಾಲಯಗಳಲ್ಲೊಂದು. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು.

ಮೊದಲನೆಯದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಮಕ್ಕಳಿಗೆ ಇದನ್ನೇ ಮೊದಲು ತೋರಿಸಿ. 949ರ ಸುಮಾರಿಗೆ ತಮಿಳುನಾಡಿನ ತಕ್ಕೋಲಂನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ಅಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಒಡೆಯನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿಯನ್ನೂ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದ. ಒಂದೇ ಕಲ್ಲಿನಲ್ಲಿ ಸಾಮ್ರಾಟರ ಯುದ್ಧವೂ ಇದೆ, ನಾಯಿಯ ಸಾವೂ ಇದೆ. ಚಿತ್ರವಾಗಿ ಕೆತ್ತಿಸಿಕೊಂಡದ್ದು ಮಾತ್ರ ನಾಯಿ ಮತ್ತು ಹಂದಿ. ಇತಿಹಾಸದ ಪಠ್ಯಪುಸ್ತಕ ಬರೆಯುವವರು ಈ ಕಲ್ಲಿನಿಂದ ಚೋಳ ರಾಜನ ಸಾವನ್ನಷ್ಟೇ ಎತ್ತಿಕೊಂಡು ಕಾಳಿಯನ್ನು ಬಿಡುತ್ತಾರೆ. ಮಣಲೆರ ಕೇಳಿಸಿಕೊಂಡಿದ್ದರೆ ಒಪ್ಪುತ್ತಿರಲಿಲ್ಲ.

ಎರಡನೆಯದು ಬೇಗೂರಿನ ವೀರಗಲ್ಲು. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಹಂತಗಳಿರುತ್ತವೆ: ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನಿಮ್ಮ ಮಲೆನಾಡಿನ ಊರುಗಳಲ್ಲೂ ಇಂಥವು ಬೇಕಾದಷ್ಟಿವೆ. ಮಕ್ಕಳಿಗೆ ಮೊದಲು ಅಲ್ಲೇ ಓದಲು ಕಲಿಸಿ ಕರೆತನ್ನಿ. ಬೇಗೂರಿನ ಕಲ್ಲು ಈ ಕಟ್ಟಳೆಗೆ ಒಗ್ಗುವುದಿಲ್ಲ. ಇಲ್ಲಿ ರಣರಂಗದ ನೂಕುನುಗ್ಗಲೇ ಮುಖ್ಯ. ಗಂಗರ ಎರೆಯಪ್ಪನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ತುಂಬೇಪಾಡಿಯಲ್ಲಿ ಹೋರಾಡಿ ಸತ್ತ ನಾಗತ್ತರನ ನೆನಪಿಗೆ ನಿಂತ ಕಲ್ಲಿದು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಈ ಕಲ್ಲನ್ನು ನೋಡಿದ ಮರುದಿನ ಬೇಗೂರಿಗೇ ಹೋಗಿ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯ ಕಡೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಬೇಗೂರು ಈಗ ಊರಿನೊಳಗೇ ಸೇರಿಹೋಗಿದೆ, ಬಿಎಂಟಿಸಿ ಬಸ್ ಹೋಗುತ್ತದೆ. ಅಲ್ಲಿನ ಪಂಚಲಿಂಗೇಶ್ವರ ಗುಡಿಯ ಆವರಣದಲ್ಲಿ ಇನ್ನೊಂದು ಶಾಸನವಿದೆ, ಸುಮಾರು 890ರದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತದ್ದನ್ನು ಅದು ಹೇಳುತ್ತದೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಹಿಂದೆ ಈ ಹೆಸರಿನ ಊರೊಂದಿತ್ತು ಎನ್ನುವುದಕ್ಕೆ ಸಾಕ್ಷಿ ಇದೇ. ಅಪ್ಪನ ಕಲ್ಲು ಕಸ್ತೂರ್ಬಾ ರಸ್ತೆಯಲ್ಲಿ, ಮಗನ ಹೆಸರು ಬೇಗೂರಿನಲ್ಲಿ. ಸಂಗ್ರಹಾಲಯವನ್ನಷ್ಟೇ ನೋಡಿದವರಿಗೆ ಕಥೆಯ ಅರ್ಧ ಮಾತ್ರ ಸಿಗುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವ ಚಾಳಿ ಕೆಲವರಿಗಿದೆ, ದಯವಿಟ್ಟು ಬೇಡ.

ಮೂರನೆಯ ದಿನವೂ ನಿಮ್ಮ ಕೈಯಲ್ಲಿದ್ದರೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ. ಪಕ್ಕದಲ್ಲೇ ಕೋಟೆಯ ಉಳಿದ ಭಾಗವಿದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿದವನು ಹೈದರಾಲಿ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಗೋಡೆ ಒಡೆದು ಒಳನುಗ್ಗಿತು. ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಒಡೆದ ಜಾಗ ಇದೇ ಎಂದು ಬ್ರಿಟಿಷರು ಹಾಕಿದ ಅಮೃತಶಿಲೆಯ ಫಲಕ ಇನ್ನೂ ಇದೆ. ಗೆದ್ದವರು ಚೀಟಿ ಬರೆಯುವುದರಲ್ಲಿ ಹಿಂದೆ ಬೀಳುವುದಿಲ್ಲ ನೋಡಿ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. ಕೋಟೆ ಬಿದ್ದ 1791ರಲ್ಲೇ ಇದು ಪೂರ್ತಿಯಾದದ್ದು. ತೇಗದ ಕಂಬ, ಕಮಾನುಗಳ ಈ ಕಟ್ಟಡ 1831ರಿಂದ 1868ರವರೆಗೆ ಸರ್ಕಾರದ ಕಚೇರಿಯಾಗಿತ್ತು. ಫೈಲುಗಳು ಇಲ್ಲಿಂದ ಎದ್ದು ಹೋದದ್ದು ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ. ಗೋಡೆಗೆ ಅಂಟಿಕೊಂಡಂತಿರುವ ಕೋಟೆ ವೆಂಕಟರಮಣ ಗುಡಿ ಅರಮನೆಗಿಂತ ಹಳೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು. ಯುದ್ಧದಲ್ಲಿ ಅರಮನೆಯತ್ತ ಬಂದ ಗುಂಡನ್ನು ಗುಡಿಯ ಮುಂದಿನ ಕಂಬ ತಡೆಯಿತು ಎಂಬ ಪ್ರತೀತಿ ಇದೆ. ನಿಜವೋ ಅಲ್ಲವೋ, ಅಲ್ಲೇ ನಿಂತು ಹೇಳಿದರೆ ಮಕ್ಕಳು ಕಂಬವನ್ನು ಹುಡುಕುತ್ತಾರೆ.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಕಸ್ತೂರ್ಬಾ ರಸ್ತೆಯಲ್ಲೇ ಇದೆ. ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಗುಂಡಿ ಒತ್ತಿದರೆ ಯಂತ್ರ ತಿರುಗುವ ಜಾಗವನ್ನು ನೋಡಿದ ಮೇಲೆ ಕಲ್ಲಿನ ಮುಂದೆ ನಿಲ್ಲುವ ಮನಸ್ಸು ಯಾವ ಮಗುವಿಗೂ ಇರುವುದಿಲ್ಲ. ಹಾಗಾಗಿ ಕಲ್ಲು ಮೊದಲು, ಯಂತ್ರ ಆಮೇಲೆ, ಸಾಧ್ಯವಾದರೆ ಬೇರೆ ದಿನ.

ಸರ್ಕಾರಿ ಸಂಗ್ರಹಾಲಯಕ್ಕೆ ಸೋಮವಾರ ಬೀಗ, ಸರ್ಕಾರಿ ರಜೆಗಳಲ್ಲೂ ಬೀಗ. ನೀವು ಬರುತ್ತಿರುವುದು ದಸರೆಗೆ, ಆದ್ದರಿಂದ ಆಯುಧಪೂಜೆ, ವಿಜಯದಶಮಿಗಳನ್ನು ಬಿಟ್ಟು ಯೋಜನೆ ಹಾಕಿ. ದುರಸ್ತಿಗೆಂದು ಮುಚ್ಚಿಲ್ಲವೇ, ಈ ಎರಡು ಕಲ್ಲುಗಳು ನೋಡಲು ಸಿಗುತ್ತವೆಯೇ ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಒಳಗೆ ಹೋದ ಮೇಲೆ ಕಾವಲಿನವರನ್ನು ಮಾತನಾಡಿಸಿ. ಯಾವ ಕಲ್ಲು ಯಾವ ಮೂಲೆಯಲ್ಲಿದೆ ಎಂಬುದನ್ನು ಫಲಕಗಳಿಗಿಂತ ಅವರೇ ಚೆನ್ನಾಗಿ ಬಲ್ಲರು.

ಊರಿಗೆ ಮರಳಿದ ಮೇಲೆ ಪತ್ರ ಬರೆಯಿರಿ. ಈ ಸಲ ಮಕ್ಕಳೇ ಬರೆದರೆ ಇನ್ನೂ ಸಂತೋಷ, ಮಕ್ಕಳ ಪುಟದಲ್ಲಿ ಕಾಳಿಗೆ ಜಾಗ ಮಾಡಿಕೊಡುತ್ತೇನೆ.