ಕಾಲೇಜು ಓದ್ತಾ ಮೊದಲ ಬೈಕಿಗೆ ದುಡ್ಡು ಹೊಂದಿಸೋದು: ಬೆಂಗಳೂರಿನ ಲೆಕ್ಕ

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 19, ಬಿ.ಕಾಂ ಎರಡನೇ ವರ್ಷ, ಮನೆ ಕಾಮಾಕ್ಷಿಪಾಳ್ಯದಲ್ಲಿ. ಮನೇಲಿ ದುಡ್ಡು ಕೇಳೋ ಹಾಗಿಲ್ಲ. ಒಂದು ವರ್ಷದೊಳಗೆ ಸ್ವಂತ ದುಡಿಮೆಯ ಬೈಕ್ ಬೇಕು. ಸಾಲದಲ್ಲಿ ಬೈಕ್ ತಗೊಂಡು, ಅದರಲ್ಲೇ ಡೆಲಿವರಿ ಮಾಡಿ ಇಎಂಐ ಕಟ್ಟಬಹುದಾ?

ಕೊನೆಯ ಮಾತಿಗೆ ಮೊದಲು ಉತ್ತರ: ಬೇಡ. ಬೈಕ್ ಬರೋಕೆ ಮುಂಚೆ ದುಡಿಯಿರಿ, ಬೈಕಿನಿಂದ ದುಡಿದು ಬೈಕ್ ತೀರಿಸೋ ಯೋಚನೆ ಬಿಡಿ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಒಂದು ದಿನ ಆ್ಯಪ್‌ನಲ್ಲಿ 900 ರೂಪಾಯಿ ತೋರಿಸಿತು ಅಂದುಕೊಳ್ಳಿ. ಅಷ್ಟು ಬರೋಕೆ ಸುಮಾರು 100 ಕಿಲೋಮೀಟರ್ ಓಡಿಸಿರ್ತೀರ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡೋ 110 ಸಿಸಿ ಗಾಡಿ ಲೀಟರಿಗೆ 45 ಕೊಟ್ಟರೆ ಹೆಚ್ಚು. ಪೆಟ್ರೋಲ್ 103ರ ಆಸುಪಾಸು ಅಂತ ಹಿಡಿದರೆ 230 ರೂಪಾಯಿ ಅಲ್ಲೇ ಹೋಯಿತು. ಆಯಿಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ಟೈರ್‌ಗೆ ಕಿಲೋಮೀಟರಿಗೆ 1 ರೂಪಾಯಿ ಎತ್ತಿಡಲೇಬೇಕು, ಅದು 100. ಉಳಿದದ್ದು 570, ಊಟ-ಟೀ ಇನ್ನೂ ಕಳೆದಿಲ್ಲ. ತಿಂಗಳಿಗೆ 26 ದಿನ ಹೀಗೆ ಓಡಿಸಿದರೆ ವರ್ಷಕ್ಕೆ 31,000 ಕಿಲೋಮೀಟರ್ ದಾಟುತ್ತೆ. ಮನೆ-ಕಾಲೇಜು ಓಡಾಡೋ ಗಾಡಿಗೆ ಮೂರು ನಾಲ್ಕು ವರ್ಷದ ಓಟ ಅದು. ಸಾಲದ ಕಂತು ಮುಗಿಯೋ ಹೊತ್ತಿಗೆ ಎಂಜಿನ್ ಸದ್ದು ಬದಲಾಗಿರುತ್ತೆ.

ಬೈಕ್ ಟ್ಯಾಕ್ಸಿ ನಂಬಿ ಸಾಲ ಮಾಡೋದು ಇದಕ್ಕಿಂತ ಅಪಾಯ. 2025ರ ಜೂನ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ಬೈಕ್ ಟ್ಯಾಕ್ಸಿ ನಿಂತಾಗ ಆದಾಯ ನಿಂತಿತು, ಕಂತು ನಿಲ್ಲಲಿಲ್ಲ.

ಡೆಲಿವರಿಯೇ ಮಾಡಬೇಕು ಅಂತಿದ್ದರೆ ಗಾಡಿ ಇಲ್ಲದೆಯೂ ಮಾಡಬಹುದು. ಯುಲು ಥರದ ಬಾಡಿಗೆ ಎಲೆಕ್ಟ್ರಿಕ್ ಗಾಡಿಗಳಲ್ಲಿ 25 ಕಿಲೋಮೀಟರ್ ವೇಗ ದಾಟದ ಮಾಡೆಲ್‌ಗೆ ಡಿಎಲ್ ಬೇಡ, ಪೆಟ್ರೋಲ್ ಬೇಡ, ಪಂಚರ್ ಬಿಟ್ಟರೆ ರಿಪೇರಿಯ ತಲೆನೋವು ಕಡಿಮೆ. ದಿನದ ಬಾಡಿಗೆ 200 ಅಂತ ಇಟ್ಟುಕೊಂಡರೂ, ಅದನ್ನು ಬಿಟ್ಟು ಉಳಿದದ್ದು ನಿಮ್ಮದೇ. ನಿಧಾನದ ಗಾಡಿ, ಆರ್ಡರ್ ಕಮ್ಮಿ ಬೀಳುತ್ತೆ, ಅದು ನಿಜ. ಅದಕ್ಕೇ ದಿನವಿಡೀ ಲಾಗಿನ್ ಆಗಿ ಕೂರಬೇಡಿ. ಸಂಜೆ 7ರಿಂದ 11, ಶನಿವಾರ-ಭಾನುವಾರ ಮಧ್ಯಾಹ್ನ 12ರಿಂದ 3, ಇಷ್ಟರಲ್ಲಿ ಬರೋ ಆರ್ಡರ್ ಮಿಕ್ಕ ಹೊತ್ತಿನಲ್ಲಿ ಬರಲ್ಲ. ಇನ್ಸೆಂಟಿವ್ ಸ್ಲ್ಯಾಬ್‌ಗೆ (ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಹೆಚ್ಚು ದುಡ್ಡು ಅನ್ನೋ ಗುರಿಗೆ) ಒಂದು ಆರ್ಡರ್ ಬಾಕಿ ಇರುವಾಗ ಆ್ಯಪ್ ಸುಮ್ಮನಾಗುತ್ತೆ ಅಂತ ಹುಡುಗರು ಬೈಯೋದು ಎಲ್ಲ ಕಡೆ ಕೇಳುತ್ತೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಇನ್ಸೆಂಟಿವ್ ಸೇರಿಸಲೇಬೇಡಿ, ಬಂದರೆ ಲಾಭ. ಬೇರೆಯವರ ಐಡಿಯಲ್ಲಿ ಓಡಿಸೋ ವ್ಯವಹಾರಕ್ಕೆ ಕೈ ಹಾಕಬೇಡಿ. ಬಿದ್ದು ಪೆಟ್ಟಾದರೆ ಕಂಪನಿಯ ವಿಮೆ ಐಡಿ ಯಾರ ಹೆಸರಲ್ಲಿದೆಯೋ ಅವರಿಗೆ, ನಿಮಗಲ್ಲ. ಸ್ವಂತ ಐಡಿ ಇದ್ದವರು ಕೇಂದ್ರ ಸರ್ಕಾರದ ಕಾರ್ಮಿಕರ ಪೋರ್ಟಲ್ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಂಡು, ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಗೂ ಅರ್ಜಿ ಹಾಕಿಡಿ.

ಈಗ ನಿಮಗೆ ಹೆಚ್ಚು ಹೊಂದೋ ಕೆಲಸ. ನೀವು ಬಿ.ಕಾಂ, ಮನೆ ಕಾಮಾಕ್ಷಿಪಾಳ್ಯ. ಸುತ್ತ ಪೂರ್ತಿ ಸಣ್ಣ ವರ್ಕ್‌ಶಾಪ್‌ಗಳು: ಲೇತ್, ಪ್ರೆಸ್, ಪ್ಲೇಟಿಂಗ್. ಪೂರ್ತಿ ಸಮಯದ ಅಕೌಂಟೆಂಟ್ ಇಟ್ಟುಕೊಳ್ಳೋ ಶಕ್ತಿ ಇವರಲ್ಲಿ ಬಹಳ ಜನಕ್ಕಿಲ್ಲ, ಬಿಲ್ ಮಾತ್ರ ಗುಡ್ಡೆ ಬಿದ್ದಿರುತ್ತೆ. ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಕಲಿತಿದ್ದರೆ ಸಂಜೆ ಎರಡು ಗಂಟೆ ಎಂಟ್ರಿ ಮಾಡಿಕೊಡ್ತೀನಿ ಅಂತ ನೇರವಾಗಿ ಹೋಗಿ ಕೇಳಿ. ಇಲ್ಲವೇ ಏರಿಯಾದ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ಕೇಳಿ, ಅವರಿಗೆ ತಿಂಗಳ ಮೊದಲ ವಾರ ಕೈ ಸಾಲಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ವಿವರ) ಕೊನೆ ದಿನ 11, ಜಿಎಸ್‌ಟಿಆರ್-3ಬಿ (ಟ್ಯಾಕ್ಸ್ ಕಟ್ಟೋ ರಿಟರ್ನ್) ಕೊನೆ ದಿನ 20. ನಿಮ್ಮ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಆ ದಿನಗಳಲ್ಲಿ ಬೀಳುತ್ತಾ ಅಂತ ನೋಡಿಕೊಂಡು ಒಪ್ಪಿಕೊಳ್ಳಿ.

ಈ ಕೆಲಸದಲ್ಲಿ ಹೊಸಬರು ಎಡವೋದು ಎರಡು ಕಡೆ. ಗಿರಾಕಿಯ ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತೆ. ಒಂದು ತಪ್ಪಿದರೂ ಆ ಗಿರಾಕಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಟ್ಯಾಕ್ಸ್ ಅನ್ನು ತಾನು ಕಟ್ಟೋ ಟ್ಯಾಕ್ಸ್‌ನಲ್ಲಿ ಕಳೆದುಕೊಳ್ಳೋದು) ಕಾಣಲ್ಲ, ಅವನು ಓನರ್‌ಗೆ ಫೋನ್ ಮಾಡಿ ಪೇಮೆಂಟ್ ನಿಲ್ಲಿಸ್ತಾನೆ. ಎರಡನೇದು ಟ್ಯಾಕ್ಸ್ ತಲೆಕೆಳಗಾಗೋದು. ನಂಬರ್ 29ರಿಂದ ಶುರುವಾದರೆ ಕರ್ನಾಟಕದ್ದು, ಸಾಮಾನ್ಯವಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದ ಕೇಂದ್ರ, ರಾಜ್ಯದ ಪಾಲು). 33 ಅಂದರೆ ತಮಿಳುನಾಡು, ಐಜಿಎಸ್‌ಟಿ (ರಾಜ್ಯ ದಾಟೋ ಮಾರಾಟದ ಟ್ಯಾಕ್ಸ್). ಹೊಸೂರಿಗೆ ಮಾಲು ಕಳಿಸೋ ವರ್ಕ್‌ಶಾಪ್‌ನಲ್ಲಿ ಈ ತಪ್ಪು ಪದೇ ಪದೇ ಆಗುತ್ತೆ. ಒಂದು ಅಂಗಡಿಗೆ ತಿಂಗಳಿಗೆ 3,000 ಅಂತ ಶುರು ಮಾಡಿ ಎರಡು ಅಂಗಡಿ ಹಿಡಿದರೆ, ಮೈ ದಣಿಯದ ದುಡ್ಡು ಅದು. ಡಿಗ್ರಿ ಮುಗಿದ ಮೇಲೆ ಅನುಭವ ಅಂತ ತೋರಿಸಲೂ ಆಗುತ್ತೆ.

ಬೆಳಗಿನ ಹೊತ್ತು ಖಾಲಿ ಇದ್ದರೆ ಅಪಾರ್ಟ್‌ಮೆಂಟ್‌ನಲ್ಲಿ ಕಾರ್ ಒರೆಸೋ ಕೆಲಸ. ನಾಚಿಕೆ ಪಟ್ಟುಕೊಂಡು ಇದನ್ನು ಬಿಡೋರೇ ಜಾಸ್ತಿ, ಆದರೆ ಗಂಟೆಗೆ ಬೀಳೋ ದುಡ್ಡು ನೋಡಿದರೆ ಡೆಲಿವರಿಗಿಂತ ಮೇಲು. ಕಾರಿಗೆ ತಿಂಗಳಿಗೆ 500 ಅಂತ ಹಿಡಿಯಿರಿ, 12 ಕಾರ್‌ಗೆ 6,000. ಬೆಳಗ್ಗೆ 5ಕ್ಕೆ ಶುರು, 6:30ಕ್ಕೆ ಮುಗೀಬೇಕು. ಏಳರ ಮೇಲೆ ಆಫೀಸಿಗೆ ಕಾರ್ ಹೊರಡೋಕೆ ಶುರುವಾಗುತ್ತೆ. ಮೈಕ್ರೋಫೈಬರ್ ಬಟ್ಟೆ ಆರು ಇರಲಿ: ಗಾಜಿಗೆ ಎರಡು, ಕಾರಿನ ಮೈಗೆ ಮೂರು, ಕೆಳಗಿನ ಭಾಗ ಮತ್ತು ವೀಲ್‌ಗೆ ಬೇರೆಯೇ ಒಂದು. ವೀಲ್ ಒರೆಸಿದ ಬಟ್ಟೆ ಬಾನೆಟ್‌ಗೆ ತಾಗಿದರೆ ಮುಗೀತು, ಅದರಲ್ಲಿರೋ ಮರಳು ಪೇಂಟ್ ಮೇಲೆ ಗೀರು ಎಳೆಯುತ್ತೆ. ಒಣ ಬಟ್ಟೆಯಲ್ಲಿ ಧೂಳು ಉಜ್ಜಬೇಡಿ, ಮೊದಲು ಪುಕ್ಕದ ಡಸ್ಟರ್‌ನಲ್ಲಿ ಹಗುರವಾಗಿ ತಟ್ಟಿ, ಆಮೇಲೆ ಹಿಂಡಿದ ಬಟ್ಟೆ. ಮೊದಲ ದಿನವೇ ಪ್ರತಿ ಕಾರಿನ ನಾಲ್ಕೂ ಕಡೆ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಬಿಡಿ. ಹಳೇ ಗೀರು ನಿಮ್ಮ ತಲೆಗೆ ಬರಲ್ಲ. ಬೇಸಿಗೆಯಲ್ಲಿ ಪೈಪ್ ಹಿಡಿಯೋ ಹಾಗೇ ಇಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ದಂಡ ಅಂತ ಆದೇಶ ಹೊರಡಿಸಿತ್ತು. ಒಂದು ಬಕೆಟ್‌ನಲ್ಲಿ ನಾಲ್ಕು ಕಾರ್ ಮುಗಿಸೋದು ಕಲಿತವನಿಗೆ ಆಗಲೂ ಕೆಲಸ ಇರುತ್ತೆ.

ಛತ್ರಗಳಲ್ಲಿ ಊಟ ಬಡಿಸೋ ಕೇಟರಿಂಗ್ ಕೆಲಸ ಇನ್ನೊಂದು ದಾರಿ. ಹೊತ್ತಿಗೆ 500ರಿಂದ 800ರವರೆಗೆ, ಅಂದೇ ಕೈಗೆ. ಕಪ್ಪು ಪ್ಯಾಂಟ್, ಬಿಳಿ ಶರ್ಟ್, ಜಾರದ ಶೂ ಬೇಕು, ಛತ್ರದ ನೆಲದ ಮೇಲೆ ಸಾರು ಚೆಲ್ಲದ ದಿನ ಇಲ್ಲ. ಹೊಸಬನ ಕೈಗೆ ಮೊದಲು ಎಲೆ, ನೀರು. ಆಮೇಲೆ ಕೋಸಂಬರಿ, ಪಲ್ಯ. ಹುಳಿ-ಸಾರಿನ ಬಕೆಟ್ ಕೈಗೆ ಬರೋಕೆ ನಾಲ್ಕೈದು ಮದುವೆ ಬೇಕು. ಎಲೆ ಅಂಚಿಗೆ ಹರಿಯದ ಹಾಗೆ, ಅನ್ನದ ಗುಂಡಿಗೇ ಸಾರು ಬಿಡೋಕೆ ಬಂದವನಿಗೆ ಮುಂದಿನ ಮುಹೂರ್ತಕ್ಕೆ ತಾನಾಗಿ ಫೋನ್ ಬರುತ್ತೆ. ರಿಸೆಪ್ಷನ್ ರಾತ್ರಿ ಮುಗಿಯೋದು 12ರ ಮೇಲೆ, ಅಷ್ಟೊತ್ತಿಗೆ ಮೆಟ್ರೋ ಇರಲ್ಲ, ಬಿಎಂಟಿಸಿ ಅಪರೂಪ. ಆಟೋಗೆ 300 ಕೊಟ್ಟರೆ ದುಡಿದದ್ದರಲ್ಲಿ ಅರ್ಧ ಹೋಯಿತು. ರಾಜಾಜಿನಗರ, ವಿಜಯನಗರ, ನಾಗರಬಾವಿ ಕಡೆಯ ಛತ್ರಗಳಿಗೆ ಮಾತ್ರ ಒಪ್ಪಿಕೊಳ್ಳಿ. ಇನ್ನೊಂದು, ಇದು ಪಂಚಾಂಗ ನೋಡಿಕೊಂಡು ಬರೋ ಆದಾಯ: ಆಷಾಢದಲ್ಲಿ, ಧನುರ್ಮಾಸದಲ್ಲಿ ಛತ್ರಗಳು ಬಾಗಿಲು ಹಾಕಿದ ಹಾಗೇ.

ಮನೆಯಿಂದ ಡೇಟಾ ಎಂಟ್ರಿ, ವಿಡಿಯೋ ಲೈಕ್ ಮಾಡಿದರೆ ದಿನಕ್ಕೆ 2,000, ಮೊದಲು ಜಾಯಿನಿಂಗ್ ಫೀ ಕಟ್ಟಿ: ಇವೆಲ್ಲ ಟೋಪಿ. ಇವಕ್ಕಿಂತ ಕೆಟ್ಟದ್ದು, ನಿನ್ನ ಬ್ಯಾಂಕ್ ಅಕೌಂಟ್ ಬಾಡಿಗೆಗೆ ಕೊಡು ಅನ್ನೋದು. ಅದರಲ್ಲಿ ಸುತ್ತೋದು ಕದ್ದ ದುಡ್ಡು, ಕೇಸ್ ನಿಮ್ಮ ಹೆಸರಲ್ಲಿ.

ಎಂಟ್ರಿ ಕೆಲಸ 6,000, ಕಾರ್ ಅಥವಾ ಕೇಟರಿಂಗ್‌ನಿಂದ 4,000, ಕೈಖರ್ಚಿಗೆ 2,000 ಬಿಟ್ಟು ತಿಂಗಳಿಗೆ 8,000 ಉಳಿದರೆ ಎಂಟು ತಿಂಗಳಿಗೆ 64,000. ಇದನ್ನು ಬ್ಯಾಂಕ್ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟೋ ಠೇವಣಿಗೆ) ಹಾಕಿ, ಸಂಪಾದನೆ ಬಂದ ಮಾರನೇ ದಿನ ಕಡಿತ ಆಗೋ ಹಾಗೆ. ಏರಿಯಾ ಚೀಟಿ ಬೇಡ, ಚೀಟಿಯೇ ಬೇಕಿದ್ದರೆ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಥರ ನೋಂದಾಯಿತ ಚೀಟಿ ನೋಡಿ.

ಈ ದುಡ್ಡಿಗೆ ನಾಲ್ಕೈದು ವರ್ಷ ಹಳೆಯ 100-125 ಸಿಸಿ ಗಾಡಿ ಬರುತ್ತೆ, ನನ್ನ ಓಟು ಅದಕ್ಕೇ. ಹೊಸದು ಅಂದರೆ ಶೋರೂಂ ಬೆಲೆಗೆ ಮರುಳಾಗಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ನಿಜ. ಆದರೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ 50,000 ಮೇಲಿನ ಗಾಡಿಗೆ 12%, 1 ಲಕ್ಷ ದಾಟಿದರೆ 18%, ಸೆಸ್ ಬೇರೆ. ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 75ರಿಂದ 150 ಸಿಸಿಗೆ 3,851 ಮತ್ತು ಅದರ ಮೇಲೆ ಜಿಎಸ್‌ಟಿ. 85,000ದ ಗಾಡಿ ರಸ್ತೆಗೆ ಇಳಿಯೋ ಹೊತ್ತಿಗೆ 1,05,000 ಆಸುಪಾಸು. ಶೋರೂಂನವರ ವಿಮೆಯೇ ತಗೋಬೇಕು ಅಂತ ಏನಿಲ್ಲ. ಬಿಲ್‌ನ ಪ್ರತಿ ಸಾಲನ್ನೂ ಬರೆದು ಕೊಡಿ ಅಂತ ಕೇಳಿ, ‘ಹ್ಯಾಂಡ್ಲಿಂಗ್ ಚಾರ್ಜ್’ ಅನ್ನೋದು ಅಲ್ಲೇ ಕರಗುತ್ತೆ.

ಉಳಿದ ದುಡ್ಡಿಗೆ ಸಾಲ ಬೇಕೇ ಬೇಕು ಅಂದರೆ ‘11% ಫ್ಲಾಟ್’ ಅನ್ನೋ ಮಾತಿಗೆ ಬೀಳಬೇಡಿ. 1 ಲಕ್ಷಕ್ಕೆ ಎರಡು ವರ್ಷಕ್ಕೆ ಬಡ್ಡಿ 22,000, ಕಂತು 5,083. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳೋದರಿಂದ ಇದು ರೆಡ್ಯೂಸಿಂಗ್ (ಉಳಿದ ಅಸಲಿಗೆ ಮಾತ್ರ ಬಡ್ಡಿ) ಲೆಕ್ಕದಲ್ಲಿ ಹತ್ತಿರ ಹತ್ತಿರ 20%. ಸಹಿ ಹಾಕೋಕೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಪತ್ರ) ಕೇಳಿ, ಆರ್‌ಬಿಐ ಅದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ (ಶುಲ್ಕ ಸೇರಿದ ವಾರ್ಷಿಕ ದರ) ಅಂತ ಇರೋದೇ ನಿಜವಾದ ಬಡ್ಡಿ.

ಹಳೇ ಗಾಡಿ ನೋಡೋಕೆ ಹೋಗುವಾಗ ‘ಸ್ಟಾರ್ಟ್ ಮಾಡಬೇಡಿ, ಬರ್ತಿದೀನಿ’ ಅಂತ ಹೇಳಿ ಹೋಗಿ. ಹೋದ ತಕ್ಷಣ ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ ಬೆಳಗಿನ ಕೋಲ್ಡ್ ಸ್ಟಾರ್ಟ್‌ನ ತೊಂದರೆ ಮುಚ್ಚಿಡ್ತಿದ್ದಾರೆ ಅಂತಲೇ ಅರ್ಥ ಮಾಡಿಕೊಳ್ಳಿ. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡ್ತಿದೆ, ಪಿಸ್ಟನ್ ರಿಂಗ್ ಖರ್ಚು ಬಂತು. ಹಿಂದಿನ ಸ್ಪ್ರಾಕೆಟ್ ಹಲ್ಲು ಚೂಪಾಗಿ ಒಂದು ಕಡೆಗೆ ವಾಲಿದ್ದರೆ ಚೈನ್ ಕಿಟ್ ಪೂರ್ತಿ ಹೊಸದು ಬೇಕು, ಬೆಲೆಯಲ್ಲಿ ಅಷ್ಟು ಇಳಿಸಿ. ಮೀಟರ್ 18,000 ತೋರಿಸ್ತಿದ್ದು, ಫುಟ್‌ರೆಸ್ಟ್ ರಬ್ಬರ್ ಸವೆದು ನುಣ್ಣಗಾಗಿ, ಹಿಂದಿನ ಸೀಟಿನ ರೆಕ್ಸಿನ್ ಬ್ಯಾಗ್ ಉಜ್ಜಿ ಮಾಸಿ, ಹ್ಯಾಂಡಲ್‌ನಲ್ಲಿ ಮೊಬೈಲ್ ಹೋಲ್ಡರ್ ಕಚ್ಚಿದ ಗುರುತು ಇದ್ದರೆ ಅದು ಡೆಲಿವರಿ ಓಡಿದ ಗಾಡಿ. ಮೀಟರ್ ನಂಬಬೇಡಿ.

ದಾಖಲೆ: ಚಾಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಆರ್‌ಸಿಯಲ್ಲಿ ಸಾಲದ ಉಲ್ಲೇಖ ಇದ್ದರೆ ಮಾಲೀಕರೇ ಆರ್‌ಟಿಒಗೆ ಬ್ಯಾಂಕ್ ಎನ್‌ಒಸಿ (ಸಾಲ ತೀರಿದೆ ಅನ್ನೋ ಪತ್ರ), ಫಾರಂ 35 (ಸಾಲದ ಉಲ್ಲೇಖ ತೆಗೆಸೋ ಅರ್ಜಿ) ಕೊಟ್ಟು ತೆಗೆಸಿದ ಮೇಲೆ ದುಡ್ಡು ಕೊಡಿ. ಬೆಂಗಳೂರು ಸಂಚಾರ ಪೊಲೀಸರ ಆಸ್ಟ್ರಂ ಆ್ಯಪ್‌ನಲ್ಲಿ ನಂಬರ್ ಹಾಕಿ ಬಾಕಿ ದಂಡ ನೋಡಿ, ಹೆಲ್ಮೆಟ್ ಇಲ್ಲದ 500ರ ದಂಡಗಳೇ ಕೂಡಿ ಕೂಡಿ ಸಾವಿರಗಟ್ಟಲೆ ಇರೋದುಂಟು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟ್ ಹಾಕಿಸಿದ್ದಾರಾ ನೋಡಿ. ಪಕ್ಕದ ರಾಜ್ಯಗಳ ಹೊಸೂರು, ಹಿಂದೂಪುರದ ನಂಬರ್ ಗಾಡಿ ಅಗ್ಗಕ್ಕೆ ಸಿಗುತ್ತೆ, ಆದರೆ ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿದ ಮೇಲೆ ಅಗ್ಗ ಉಳಿಯಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗಿ ಆರ್‌ಟಿಒಗೆ ಅರ್ಜಿ ಬೀಳೋವರೆಗೂ 5,000 ಆದರೂ ತಡೆದಿಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

ಡಿಎಲ್ ಕೆಲಸ ಈಗಲೇ ಶುರು ಮಾಡಿ. ಎಲ್‌ಎಲ್ (ಲರ್ನರ್ ಲೈಸೆನ್ಸ್) ಬಂದು 30 ದಿನ ಆದ ಮೇಲೇ ಟೆಸ್ಟ್, ಎಲ್‌ಎಲ್ ಆರು ತಿಂಗಳಿಗೆ ಮುಗಿಯುತ್ತೆ. ಗಾಡಿ ಯಾವ ತಿಂಗಳು ತಗೋಬೇಕು ಅಂತ ಕೇಳಿದರೆ, ಕಾರ್ತಿಕದಲ್ಲಿ ಉಳಿಸೋಕೆ ಶುರು ಮಾಡಿದವರ ದುಡ್ಡು ಆಷಾಢದ ಹೊತ್ತಿಗೆ ಕೂಡಿರುತ್ತೆ, ಛತ್ರದ ಕೆಲಸ ನಿಲ್ಲೋದೂ ಆಗಲೇ. ಒಳ್ಳೇ ಕೆಲಸಕ್ಕೆ ಆಷಾಢ ಆಗಲ್ಲ ಅಂತ ಜನ ಗಾಡಿ ತಗೊಳ್ಳಲ್ಲ, ಶೋರೂಂನವರೂ ಮಾರೋರೂ ಚೌಕಾಸಿಗೆ ಬಗ್ಗುತ್ತಾರೆ. ಮನೇಲಿ ಅಮ್ಮ ಒಪ್ಪಲ್ಲ ಅಂದರೆ ಆಷಾಢದಲ್ಲಿ ಬೆಲೆ ಮಾತಾಡಿ ಅಡ್ವಾನ್ಸ್ ಕೊಟ್ಟುಬಿಡಿ, ಗಾಡಿ ಮನೆಗೆ ತರೋದು ಶ್ರಾವಣದ ಮೊದಲ ಶುಕ್ರವಾರ ಇಟ್ಟುಕೊಳ್ಳಿ. ಆಯುಧಪೂಜೆ ವಾರಕ್ಕೆ ಮಾತ್ರ ಕಾಯಬೇಡಿ, ಆಗ ಡಿಸ್ಕೌಂಟ್ ಕೇಳಿದರೆ ನಿಮ್ಮ ಹಿಂದೆ ನಿಂತವರಿಗೆ ಬಿಲ್ ಮಾಡ್ತಾರೆ.