ಪಾಸ್‌ವರ್ಡ್ ಕೊಟ್ಟ ಮೇಲೆ ಬರೀ ಕತ್ತಲು

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಆಫೀಸಿನಲ್ಲಿ ಒಂದು ವಿಂಡೋಸ್ ಸರ್ವರ್, ಅದಕ್ಕೆ ಸೇರಿದ 14 ಕಂಪ್ಯೂಟರ್. ಬೆಳಿಗ್ಗೆ ಲಾಗಿನ್ ಆದರೆ ಪರದೆ ಕಪ್ಪಾಗಿ ಮೌಸಿನ ಬಾಣವೊಂದೇ ಕಾಣುತ್ತದೆ. ಸುಮ್ಮನೆ ಬಿಟ್ಟರೆ 10 ನಿಮಿಷಕ್ಕೆ ತಾನಾಗಿಯೇ ಡೆಸ್ಕ್‌ಟಾಪ್ ಬರುತ್ತದೆ. ಎರಡು ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿದೆವು. ಮೊದಲ ದಿನ ಸರಿ ಇತ್ತು, ಮರುದಿನದಿಂದ ಮತ್ತದೇ ರಾಗ. ಉಳಿದ 12ಕ್ಕೂ ಮಾಡಿಸಬೇಕೇ?

ಉತ್ತರ: ಬೇಡ, ಒಂದಕ್ಕೂ ಬೇಡ. ನೀವು ಗಡಿಯಾರ ನೋಡಿ ಬರೆದ ಆ 10 ನಿಮಿಷದಲ್ಲೇ ಅರ್ಧ ಉತ್ತರ ಇದೆ. ಲಾಗಿನ್ ಸ್ಕ್ರಿಪ್ಟ್ (ಲಾಗಿನ್ ಆದೊಡನೆ ತಾನಾಗಿಯೇ ಓಡುವ ಆದೇಶಗಳ ಪಟ್ಟಿ) ಮುಗಿಯಲಿ ಎಂದು ವಿಂಡೋಸ್ ಕಾಯುವ ಗರಿಷ್ಠ ಅವಧಿ, ಯಾರೂ ಬದಲಿಸದಿದ್ದರೆ, 600 ಸೆಕೆಂಡು.

ಮೊದಲು ಖಚಿತ ಮಾಡಿಕೊಳ್ಳಿ. ಒಂದು ಸಿಸ್ಟಮ್ಮಿನಲ್ಲಿ ಲಾಗ್ಔಟ್ ಆಗಿ, ಡಬ್ಬಿಯ ಹಿಂಬದಿಯ ಲ್ಯಾನ್ ಕೇಬಲ್ ಕಿತ್ತು, ವೈಫೈ ಇದ್ದರೆ ಅದನ್ನೂ ಆರಿಸಿ, ಅದೇ ಹೆಸರಿನಲ್ಲಿ ಮತ್ತೆ ಲಾಗಿನ್ ಆಗಿ. ಆ ಸಿಸ್ಟಮ್ಮಿನಲ್ಲಿ ಕೊನೆಗೆ ಲಾಗಿನ್ ಆದ 10 ಜನರ ಗುರುತನ್ನು ವಿಂಡೋಸ್ ಇಟ್ಟುಕೊಂಡಿರುತ್ತದೆ, ಹಾಗಾಗಿ ಸರ್ವರ್ ಇಲ್ಲದೆಯೂ ಒಳಗೆ ಬಿಡುತ್ತದೆ. ಡೆಸ್ಕ್‌ಟಾಪ್ ತಕ್ಷಣ ಬಂದರೆ ಕಂಪ್ಯೂಟರ್ ನಿರ್ದೋಷಿ; ಅದು ಕಾಯುತ್ತಿರುವುದು ತಂತಿಯ ಆಚೆ ಇರುವ ಯಾವುದಕ್ಕೋ. ಯಾವುದಕ್ಕೆ ಎಂಬುದು ಈವೆಂಟ್ ವ್ಯೂವರ್‌ನಲ್ಲಿ ಸಿಗುತ್ತದೆ: ವಿಂಡೋಸ್ ಲಾಗ್ಸ್, ಅಪ್ಲಿಕೇಶನ್, ಅಲ್ಲಿ ವಿನ್‌ಲಾಗನ್ ಹೆಸರಿನ 6005 ಮತ್ತು 6006ನೇ ನಮೂದು. ಯಾವ ಭಾಗ ಎಷ್ಟು ಸೆಕೆಂಡು ತಿಂದಿತು ಎಂದು ಅದರೊಳಗೇ ಬರೆದಿರುತ್ತದೆ. ಜಿಪಿಕ್ಲೈಂಟ್ ಎಂದಿದ್ದರೆ ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೂ ಸರ್ವರ್ ಹಾಕುವ ಕಟ್ಟಳೆಗಳು), ಪ್ರೊಫೈಲ್ಸ್ ಎಂದಿದ್ದರೆ ಸರ್ವರ್‌ನಿಂದ ಬರುವ ಬಳಕೆದಾರರ ಪ್ರೊಫೈಲ್.

ಇನ್ನು ಫಾರ್ಮ್ಯಾಟ್ ಆದ ಮೊದಲ ದಿನ ಏಕೆ ಸರಿ ಇತ್ತು? ಸರ್ವರ್‌ನ ನೆಟ್‌ಲಾಗನ್ ಫೋಲ್ಡರಿನಲ್ಲಿರುವ ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಹಳೆಯ ನೆಟ್‌ವರ್ಕ್ ಡ್ರೈವ್‌ಗಳನ್ನೆಲ್ಲ ಅಳಿಸಲು 'ನೆಟ್ ಯೂಸ್', ನಕ್ಷತ್ರ ಚಿಹ್ನೆ, 'ಸ್ಲ್ಯಾಶ್ ಡಿಲೀಟ್' ಎಂಬ ಸಾಲು ಇರುವ ಸಾಧ್ಯತೆ ಹೆಚ್ಚು. ಅಳಿಸಲು ಏನಾದರೂ ಇದ್ದರೆ ಆ ಆದೇಶ 'ಮುಂದುವರಿಯಲೇ, ಹೌದೋ ಅಲ್ಲವೋ' ಎಂದು ಕೇಳುತ್ತದೆ. ಆದರೆ ಸ್ಕ್ರಿಪ್ಟ್ ಓಡುವ ಕಿಟಕಿಯೇ ಮರೆಯಲ್ಲಿರುವುದರಿಂದ ಪ್ರಶ್ನೆ ಯಾರಿಗೂ ಕಾಣುವುದಿಲ್ಲ, ಯಾರೂ ಉತ್ತರಿಸುವುದಿಲ್ಲ. 600 ಸೆಕೆಂಡು ಮುಗಿದ ಮೇಲೆ ವಿಂಡೋಸ್ ಬೇಸತ್ತು ಡೆಸ್ಕ್‌ಟಾಪ್ ಕೊಡುತ್ತದೆ. ಹೊಸದಾಗಿ ಫಾರ್ಮ್ಯಾಟ್ ಆದ ಸಿಸ್ಟಮ್ಮಿನಲ್ಲಿ ಅಳಿಸಲು ಡ್ರೈವ್‌ಗಳೇ ಇರುವುದಿಲ್ಲ, ಹಾಗಾಗಿ ಪ್ರಶ್ನೆಯೂ ಏಳುವುದಿಲ್ಲ. ಆ ದಿನ ಜೋಡಿಸಿದ ಡ್ರೈವ್‌ಗಳು ನೆನಪಿನಲ್ಲಿ ಉಳಿದು ಮರುದಿನ ಪ್ರಶ್ನೆಗೆ ದಾರಿಯಾಗುತ್ತವೆ.

ಆ ಸಾಲಿನ ತುದಿಗೆ 'ಸ್ಲ್ಯಾಶ್ ವೈ' ಸೇರಿಸಿದರೆ ಸಾಕು, ಕೇಳದೆ ಅಳಿಸುತ್ತದೆ. ಜೊತೆಗೆ ಗ್ರೂಪ್ ಪಾಲಿಸಿಯಲ್ಲಿ 'ರನ್ ಲಾಗನ್ ಸ್ಕ್ರಿಪ್ಟ್ಸ್ ಸಿಂಕ್ರೊನಸ್ಲಿ' ಎಂಬುದನ್ನು ಆಫ್ ಮಾಡಿ. ಸ್ಕ್ರಿಪ್ಟ್ ಮುಗಿಯುವ ತನಕ ಡೆಸ್ಕ್‌ಟಾಪ್ ತಡೆದಿಡುವುದು ಇದೇ. ಕಾಯುವ ಅವಧಿಯನ್ನು 60 ಸೆಕೆಂಡಿಗೆ ಇಳಿಸಬಹುದು. ಅಲ್ಲಿ ಸೊನ್ನೆ ಮಾತ್ರ ಹಾಕಬೇಡಿ. ಸೊನ್ನೆ ಎಂದರೆ ಕಾಯಲೇಬೇಡ ಎಂದಲ್ಲ, ಎಷ್ಟು ಹೊತ್ತಾದರೂ ಕಾಯಿ ಎಂದು.

ಪ್ರಶ್ನೆ: ನಮ್ಮದು ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿರಿ. ನಾಲ್ಕು ಸಿಸ್ಟಮ್ ಅದಾವು, ಲೆಕ್ಕದ ಫೋಲ್ಡರ್ ಒಂದರಾಗ ಇಟ್ಟು ಉಳಿದ ಮೂರರಿಂದ ತಗೀತೀವಿ. ಫೋಲ್ಡರ್ ಇರೋ ಸಿಸ್ಟಮ್ಮಿಗೆ ವೈರಸ್ ಬಂದಿತ್ತು, ಆಂಟಿವೈರಸ್ ಹಾಕಿ ತಗಿಸಿದ್ವಿ. ಈಗ ಅದರಾಗ ಲಾಗಿನ್ ಆದ ಕೂಡಲೇ ಕಪ್ಪು. ಆದ್ರ ಉಳಿದ ಮೂರರಿಂದ ಫೋಲ್ಡರ್ ಚಲೋ ತೆರೀತದ. ಇದೇನ್ ವಿಚಿತ್ರರಿ?

ಉತ್ತರ: ವಿಚಿತ್ರವೇನೂ ಅಲ್ಲ. ಫೋಲ್ಡರ್ ಹಂಚುವ ಕೆಲಸ ತೆರೆಮರೆಯಲ್ಲಿ ನಡೆಯುತ್ತದೆ, ಅದಕ್ಕೆ ಡೆಸ್ಕ್‌ಟಾಪ್ ಬೇಕಿಲ್ಲ. ನಿಮ್ಮ ಪಾಲಿಗೆ ಇದು ಅದೃಷ್ಟ: ಬೇರೇನನ್ನೂ ಮುಟ್ಟುವ ಮೊದಲು ಇನ್ನೊಂದು ಸಿಸ್ಟಮ್ಮಿನಿಂದ ಆ ಫೋಲ್ಡರ್ ತೆರೆದು ಇಡೀ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಆ ಹೊತ್ತಿಗೆ ಮೂರರಲ್ಲೂ ಲೆಕ್ಕದ ಸಾಫ್ಟ್‌ವೇರ್ ಮುಚ್ಚಿರಲಿ.

ಆಮೇಲೆ ಕಪ್ಪು ಪರದೆಯ ಮೇಲೆಯೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂದರೆ 'ರನ್ ನ್ಯೂ ಟಾಸ್ಕ್' ತೆರೆದು 'ಎಕ್ಸ್‌ಪ್ಲೋರರ್' ಎಂದು ಬರೆದು ಎಂಟರ್ ಕೊಡಿ. ಡೆಸ್ಕ್‌ಟಾಪ್ ಮೂಡಿದರೆ ರೋಗ ಗೊತ್ತಾಯಿತು: ಲಾಗಿನ್ ಆದ ಮೇಲೆ ಯಾವ ಪ್ರೋಗ್ರಾಂ ಶುರುವಾಗಬೇಕು ಎಂಬ ವಿಳಾಸವನ್ನು ವೈರಸ್ ತನ್ನ ಕಡೆ ತಿರುಗಿಸಿಕೊಂಡಿತ್ತು. ಆಂಟಿವೈರಸ್ ಕಳ್ಳನನ್ನು ಹೊರಹಾಕಿದೆ, ಬಾಗಿಲ ಮೇಲಿನ ಹೆಸರು ಹಾಗೇ ಬಿಟ್ಟಿದೆ.

ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ತಿದ್ದುವ 'ರೆಜ್‌ಎಡಿಟ್' ಅನ್ನು ಅದೇ 'ರನ್ ನ್ಯೂ ಟಾಸ್ಕ್'ನಿಂದ ತೆರೆದು ಎಚ್‌ಕೀ ಲೋಕಲ್ ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ವಿನ್‌ಲಾಗನ್ ವರೆಗೆ ಇಳಿಯಿರಿ. ತಿದ್ದುವ ಮುನ್ನ ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. 'ಶೆಲ್' ಎದುರು ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಎಂದಷ್ಟೇ ಇರಬೇಕು; ಮುಂದೆ ಬಾಲ ಇದ್ದರೆ ಕತ್ತರಿಸಿ. 'ಯೂಸರ್‌ಇನಿಟ್' ಎದುರು ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32 ಫೋಲ್ಡರಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ, ಕೊನೆಗೊಂದು ಅಲ್ಪವಿರಾಮ. ಆ ಅಲ್ಪವಿರಾಮ ತಪ್ಪಲ್ಲ, ಅಳಿಸಬೇಡಿ. ಇದೇ ದಾರಿಯನ್ನು ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ನೋಡಿ. ಅಲ್ಲಿ 'ಶೆಲ್' ಕಂಡರೆ ತೆಗೆದುಹಾಕಿ.

ಎಲ್ಲ ಸರಿಯಿದ್ದೂ ಎಕ್ಸ್‌ಪ್ಲೋರರ್ ಏಳದಿದ್ದರೆ, ಲೋಕಲ್ ಮಷಿನ್ ದಾರಿಯ ಅದೇ ಕರೆಂಟ್ ವರ್ಷನ್ ಕೆಳಗಿನ 'ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್' ಒಳಗೆ ಎಕ್ಸ್‌ಪ್ಲೋರರ್ ಹೆಸರಿನ ಕೀ ಇದೆಯೇ, ಅದರಲ್ಲಿ 'ಡೀಬಗರ್' ಎಂಬ ನಮೂದು ಇದೆಯೇ ನೋಡಿ. ಇದ್ದರೆ ಆ ನಮೂದು ಅಳಿಸಿ.

ಒಂದು ಹೆಚ್ಚಿನ ಮಾತು: ಹಂಗಾಮಿನಲ್ಲಿ ನಿಮ್ಮ ಕಡೆ ಸಿಪಿಯು ಫ್ಯಾನಿಗೆ ಮೆಣಸಿನ ಧೂಳು ಮೆತ್ತಿರುತ್ತದೆ. ಬ್ಲೋಅರ್ ಹಿಡಿಯುವಾಗ ಡಬ್ಬಿಯನ್ನು ಹೊರಗೆ ತಂದು, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪ್ರಶ್ನೆ: ಹಾವೇರಿಯಲ್ಲಿ ನಮ್ಮದು ಪತ್ತಿನ ಸಹಕಾರ ಸಂಘ. ಹೊಸ ಇಂಟರ್‌ನೆಟ್ ಸಂಪರ್ಕ ಬಂದಾಗಿನಿಂದ ಲಾಗಿನ್ ಆದರೆ ಎರಡು ಮೂರು ನಿಮಿಷ ಕಪ್ಪು. ಕೇಬಲ್ ಕಿತ್ತರೆ ಥಟ್ಟನೆ ಬರುತ್ತದೆ. ಸರ್ವರ್ ಸಿಗುತ್ತಿದೆಯೇ ಎಂದು ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ.

ಉತ್ತರ: ಪಿಂಗ್ ನಂಬಬೇಡಿ, ಹೆಸರು ಕೇಳಿ ವಿಳಾಸ ಹೇಳುವ ಡಿಎನ್‌ಎಸ್ ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ 'ಐಪಿಕಾನ್ಫಿಗ್ ಸ್ಲ್ಯಾಶ್ ಆಲ್' ಕೊಟ್ಟಾಗ ಡಿಎನ್‌ಎಸ್ ಎದುರು ನಿಮ್ಮ ಸರ್ವರ್‌ನ ವಿಳಾಸ ಮಾತ್ರ ಇರಬೇಕು. ಅಲ್ಲಿ ರೌಟರಿನ ವಿಳಾಸವೋ 8.8.8.8 ಎಂಬ ಗೂಗಲ್‌ನ ಡಿಎನ್‌ಎಸ್ಸೋ ಇದ್ದರೆ ಅದೇ ಕಾರಣ. ನಿಮ್ಮ ಸಂಘದ ಡೊಮೇನ್ (ಸರ್ವರ್‌ನ ಅಡಿಯಲ್ಲಿರುವ ಕಂಪ್ಯೂಟರ್‌ಗಳ ಬಳಗ) ಎಲ್ಲಿದೆ ಎಂದು ಹೊರಗಿನ ಡಿಎನ್‌ಎಸ್‌ಗೆ ಹೇಗೆ ಗೊತ್ತಿರುತ್ತದೆ? ಕಂಪ್ಯೂಟರ್ ಕೇಳಿ ಕೇಳಿ ಸೋತು, ಆಮೇಲೆ ಮುಂದಕ್ಕೆ ಹೋಗುತ್ತದೆ.

'ಎರಡನೆಯದಾಗಿ ಇರಲಿ ಬಿಡಿ' ಎಂದು 8.8.8.8 ಹಾಕಿಟ್ಟು ಹೋಗುವವರಿದ್ದಾರೆ. ಅದೂ ಬೇಡ. ಸರ್ವರ್ ಒಂದು ಸಲ ತಡವರಿಸಿದರೆ ವಿಂಡೋಸ್ ಎರಡನೆಯದಕ್ಕೆ ಹಾರಿ ಕೆಲಹೊತ್ತು ಅಲ್ಲೇ ಕೂರುತ್ತದೆ. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ರೌಟರಿನ ಡಿಎಚ್‌ಸಿಪಿ ಆರಿಸಿ ಆ ಕೆಲಸ ಸರ್ವರ್‌ಗೆ ಕೊಡಿ. ಆಗದಿದ್ದರೆ ರೌಟರಿನ ಡಿಎಚ್‌ಸಿಪಿ ಪುಟದಲ್ಲೇ ಡಿಎನ್‌ಎಸ್ ಆಗಿ ಸರ್ವರ್ ವಿಳಾಸ ಹಾಕಿ. ಹೊರಗಿನ ವೆಬ್‌ಸೈಟುಗಳಿಗೆ ಬೇಕಾದ 8.8.8.8 ಅನ್ನು ಸರ್ವರ್‌ನ ಡಿಎನ್‌ಎಸ್‌ನಲ್ಲಿ 'ಫಾರ್ವರ್ಡರ್ಸ್' ಕೆಳಗೆ ಬರೆಯಿರಿ.

ಪ್ರಶ್ನೆ: ಗದಗಿನ ನಮ್ಮ ಕಾಲೇಜು ಲ್ಯಾಬಿನಲ್ಲಿ 30 ಉಬುಂಟು ಕಂಪ್ಯೂಟರ್, ವಿದ್ಯಾರ್ಥಿಗಳ ಹೋಮ್ ಫೋಲ್ಡರ್‌ಗಳು ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ವ್ಯವಸ್ಥೆ) ಮೂಲಕ ಸರ್ವರ್‌ನಲ್ಲಿ. ಕರೆಂಟು ಹೋಗಿ ಬಂದ ದಿನ ಯಾರು ಲಾಗಿನ್ ಆದರೂ ಕಪ್ಪು. ಒಬ್ಬ ವಿದ್ಯಾರ್ಥಿಗಂತೂ ಯಾವ ದಿನವಾದರೂ, ಎಲ್ಲಿ ಕೂತರೂ, ಲಾಗಿನ್ ಪುಟಕ್ಕೇ ವಾಪಸ್.

ಉತ್ತರ: ಇವು ಎರಡು ಬೇರೆ ತೊಂದರೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರಗಳ ಪರದೆಗೆ ಹೋಗಿ, ಹೋಮ್ ಫೋಲ್ಡರ್ ಸ್ಥಳೀಯ ಡಿಸ್ಕಿನಲ್ಲೇ ಇರುವ ಖಾತೆಯಿಂದ ಲಾಗಿನ್ ಆಗಿ 'ಡಿಎಫ್ ಹೈಫನ್ ಎಚ್' ಕೊಡಿ. ಪಟ್ಟಿಯಲ್ಲಿ ಸರ್ವರ್‌ನ ಸಾಲೇ ಇಲ್ಲದಿದ್ದರೆ, ಕಂಪ್ಯೂಟರ್ ಎದ್ದಾಗ ಸರ್ವರ್ ಇನ್ನೂ ಎದ್ದಿರಲಿಲ್ಲ. 'ಸುಡೋ ಮೌಂಟ್ ಹೈಫನ್ ಎ' ಸಾಕು, ರೀಸ್ಟಾರ್ಟ್ ಬೇಡ. 'ಡಿಎಫ್' ಆದೇಶವೇ ಮುಂದೆ ಸಾಗದೆ ನಿಂತರೆ, ಮಧ್ಯೆ ಸರ್ವರ್ ಮಾತು ನಿಲ್ಲಿಸಿದೆ. ಕಾಯದಿರಲಿ ಎಂದು 'ಸಾಫ್ಟ್' ಮೌಂಟಿಗೆ ಬದಲಿಸುವ ಸಲಹೆ ಯಾರಾದರೂ ಕೊಟ್ಟಾರು, ಕೇಳಬೇಡಿ. ಬರೆಯುತ್ತಿದ್ದ ಫೈಲ್ ಕೆಡುವ ಅಪಾಯವಿದೆ. ಜೋಡಿಸಬೇಕಾದ ಫೋಲ್ಡರ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನ ಆ ಸಾಲಿಗೆ 'ಎಕ್ಸ್ ಹೈಫನ್ ಸಿಸ್ಟಮ್‌ಡಿ ಡಾಟ್ ಆಟೋಮೌಂಟ್' ಸೇರಿಸಿದರೆ ಫೋಲ್ಡರ್ ಬೇಕಾದಾಗಲೇ ಜೋಡಣೆಯಾಗುತ್ತದೆ. ಹಾಗೆಯೇ ನೆಟ್‌ವರ್ಕ್ ಸ್ವಿಚ್ಚಿನ ವೈರು ಎಲ್ಲಿಗೆ ಹೋಗಿದೆ ನೋಡಿ. ಸರ್ವರ್ ಯುಪಿಎಸ್ ಮೇಲಿದ್ದು ಸ್ವಿಚ್ ಗೋಡೆಯ ಪ್ಲಗ್ಗಿನಲ್ಲಿದ್ದರೆ ಯುಪಿಎಸ್ ಇದ್ದೂ ಇಲ್ಲದಂತೆ.

ಆ ವಿದ್ಯಾರ್ಥಿಯ ತೊಂದರೆ ಅವನ ಜೊತೆಗೇ ತಿರುಗುತ್ತಿದೆ ಎಂದರೆ ದೋಷ ಅವನ ಹೋಮ್ ಫೋಲ್ಡರಿನಲ್ಲಿದೆ. ಅವನಿಗೆ ಕೊಟ್ಟ ಜಾಗದ ಕೋಟಾ ತುಂಬಿದೆಯೇ ಮೊದಲು ನೋಡಿ. ಒಂದು ಬೈಟ್ ಬರೆಯಲಾಗದಿದ್ದರೂ ಸೆಷನ್ ಶುರುವಾಗುವುದಿಲ್ಲ. ಜಾಗ ಇದ್ದರೆ, ಚುಕ್ಕಿಯಿಂದ ಶುರುವಾಗುವ 'ಎಕ್ಸ್‌ಅಥಾರಿಟಿ', 'ಐಸ್‌ಅಥಾರಿಟಿ' ಫೈಲುಗಳ ಒಡೆತನ ರೂಟ್ ಹೆಸರಿಗೆ ಹೋಗಿದೆಯೇ ನೋಡಿ, ಹೋಗಿದ್ದರೆ ಅವನ ಹೆಸರಿಗೆ ಮರಳಿಸಿ.

ಪ್ರಶ್ನೆ: ಧಾರವಾಡದ ವಕೀಲರ ಕಚೇರಿ. ಲಾಗಿನ್ ಪುಟ ಕಾಣುತ್ತದೆ, ಆಮೇಲೆ ಕಪ್ಪು, ಆದರೆ ಡೆಸ್ಕ್‌ಟಾಪ್ ಬಂದ ಸದ್ದು ಕೇಳುತ್ತದೆ.

ಉತ್ತರ: ಹಿಂದೆಂದೋ ಪ್ರೊಜೆಕ್ಟರ್ ಇಲ್ಲವೇ ಟಿವಿ ಜೋಡಿಸಿದ್ದಿರಾ? ಚಿತ್ರ ಆ ಕಡೆ ಹೋಗುತ್ತಿರಬಹುದು. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಕೆಳಬಾಣ, ಎಂಟರ್. ಬರದಿದ್ದರೆ ಇದನ್ನೇ ಮೂರು ನಾಲ್ಕು ಸಲ, ನಡುವೆ ಐದಾರು ಸೆಕೆಂಡು ಬಿಟ್ಟು ಮಾಡಿ. ಆಗಲೂ ಕಪ್ಪೇ ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಬೀಪ್ ಆಗಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಬೀಪ್ ಆಗಿಯೂ ಚಿತ್ರ ಬರದಿದ್ದರೆ ಡಬ್ಬಿಯ ಹಿಂದೆ ನೋಡಿ: ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಗೆ ಹೋಗಿದ್ದರೆ, ಅದನ್ನು ಕಾರ್ಡಿಗೆ ಹಾಕಿ ತಿರುಪು ಬಿಗಿ ಮಾಡಿ.